ಫೋನಿನ ಆ್ಯಪ್ ಕಂಪ್ಯೂಟರ್‌ನಲ್ಲಿ: ಯಾವ ದಾರಿ ಯಾರಿಗೆ?

ಮುಂಬೈಯ ಯಾವುದೇ ಕನ್ನಡ ಸಂಘದ ಕಾರ್ಯದರ್ಶಿಯನ್ನು ಕೇಳಿ ನೋಡಿ. ಕಾರ್ಯಕ್ರಮದ ಆಮಂತ್ರಣ ಕಂಪ್ಯೂಟರ್‌ನಲ್ಲಿ ಇರುತ್ತದೆ. ಅದನ್ನು ಕಳಿಸಬೇಕಾದ ಸದಸ್ಯರೆಲ್ಲ ಫೋನಿನ ವಾಟ್ಸಾಪ್‌ನಲ್ಲಿ ಇರುತ್ತಾರೆ. ಮಾಟುಂಗದ ಹೋಟೆಲಿನ ಗಲ್ಲಾದಲ್ಲಿ ಕೂತವರಿಗೂ ಇದೇ ಪಾಡು. ಬಿಲ್ ಮಾಡುವ ಕಂಪ್ಯೂಟರ್ ಎದುರಿಗೆ, ಪಾರ್ಸೆಲ್ ಆರ್ಡರ್ ಬರುವ ಫೋನ್ ಪಕ್ಕದಲ್ಲಿ. ಡೊಂಬಿವಲಿಯಲ್ಲಿ ಮನೆಯಿಂದಲೇ ಕೆಲಸ ಮಾಡುವವರು ಲ್ಯಾಪ್‌ಟಾಪ್ ಬಿಟ್ಟು ಫೋನ್, ಫೋನ್ ಬಿಟ್ಟು ಲ್ಯಾಪ್‌ಟಾಪ್ ಅಂತ ಇಡೀ ದಿನ ಕೈ ಬದಲಿಸುತ್ತಿರುತ್ತಾರೆ. ವಯಸ್ಸಾದವರಿಗೆ ಚಿಕ್ಕ ಪರದೆಯ ಅಕ್ಷರ ಓದುವುದೇ ಕಷ್ಟ.

ಇವರೆಲ್ಲರ ಪ್ರಶ್ನೆ ಒಂದೇ. ಫೋನಿನ ಆ್ಯಪ್ ಅನ್ನು ಕಂಪ್ಯೂಟರ್‌ನಲ್ಲೇ ಬಳಸಬಹುದಾ? ಬಳಸಬಹುದು. ಆದರೆ ದಾರಿಗಳು ನಾಲ್ಕೈದು ಇವೆ. ನೆಟ್‌ನಲ್ಲಿ ಹುಡುಕಿದರೆ ಎಲ್ಲಕ್ಕಿಂತ ಮೊದಲು ಎಮ್ಯುಲೇಟರ್ (ಕಂಪ್ಯೂಟರ್ ಒಳಗೇ ಇನ್ನೊಂದು ಫೋನಿನ ಹಾಗೆ ನಡೆಯುವ ಪ್ರೋಗ್ರಾಂ) ಹೆಸರು ಬರುತ್ತದೆ. ನಾನು ಅದನ್ನು ಕೊನೆಗೆ ಇಡುತ್ತೇನೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಏನನ್ನೂ ಇನ್‌ಸ್ಟಾಲ್ ಮಾಡುವ ಮೊದಲು ಒಂದು ವಿಷಯ ನೋಡಿಕೊಳ್ಳಿ. ಆ ಆ್ಯಪ್‌ಗೆ ನಿಮ್ಮ ಫೋನಿನಿಂದ ಏನು ಬೇಕು? ಬರೀ ನಿಮ್ಮ ಖಾತೆ ಮತ್ತು ಇಂಟರ್ನೆಟ್ ಸಾಕಾದರೆ ಬ್ರೌಸರ್ ಸಾಕು. ಫೋನಿನ ಒಳಗೇ ಇರುವ ಲಾಗಿನ್, ಫೋಟೊ, ಮೆಸೇಜ್ ಬೇಕಾದರೆ ಆ ಫೋನಿನ ಪರದೆಯನ್ನೇ ಕಂಪ್ಯೂಟರ್‌ಗೆ ತರಬೇಕು. ಸಿಮ್ ಕಾರ್ಡೇ ಬೇಕು ಅನ್ನುವ ಆ್ಯಪ್ ಆದರೆ ಅದನ್ನು ಫೋನಿನಲ್ಲೇ ಬಿಡುವುದು ಒಳ್ಳೆಯದು. ಇದು ಗೊತ್ತಾದರೆ ಅರ್ಧ ಆಯ್ಕೆ ಆದ ಹಾಗೆ.

ಮೊದಲು ಬ್ರೌಸರ್ ನೋಡಿ

ಬಹಳ ಜನ ಇದನ್ನು ನೋಡುವುದೇ ಇಲ್ಲ. ಆ್ಯಪ್ ಅಂದರೆ ಫೋನಿನದು ಅಂತ ತೀರ್ಮಾನ ಮಾಡಿಬಿಟ್ಟಿರುತ್ತಾರೆ. ಆದರೆ ಗೂಗಲ್ ಮ್ಯಾಪ್ಸ್, ಫೋಟೋಸ್, ಕೀಪ್, ಇನ್‌ಸ್ಟಾಗ್ರಾಮ್, ಟೆಲಿಗ್ರಾಮ್, ಡಿಜಿಲಾಕರ್, ಉಮಂಗ್ ಎಲ್ಲವೂ ಬ್ರೌಸರ್‌ನಲ್ಲಿ ತೆರೆಯುತ್ತವೆ. ಇನ್‌ಸ್ಟಾಗ್ರಾಮ್‌ನಲ್ಲಿ 2021ರಿಂದ ಕಂಪ್ಯೂಟರ್‌ನಿಂದಲೇ ಫೋಟೊ ಹಾಕಬಹುದು. ಸಂಘದ ಕಾರ್ಯಕ್ರಮದ ಚಿತ್ರಗಳನ್ನು ಕ್ಯಾಮೆರಾದಿಂದ ಕಂಪ್ಯೂಟರ್‌ಗೆ, ಅಲ್ಲಿಂದ ಫೋನಿಗೆ ಸಾಗಿಸುವ ಕೆಲಸವೇ ಬೇಡ.

ಸ್ವಿಗ್ಗಿ, ಝೊಮ್ಯಾಟೊಗಳಲ್ಲಿ ಹೋಟೆಲಿನವರಿಗೆ ಅಂತಲೇ ಬ್ರೌಸರ್‌ನಲ್ಲಿ ತೆರೆಯುವ ಪುಟ ಇದೆ. ಆರ್ಡರ್ ಅಲ್ಲೇ ಕಾಣುತ್ತದೆ. ಕೆಲವು ಬಿಲ್ಲಿಂಗ್ ಸಾಫ್ಟ್‌ವೇರ್‌ಗಳು ಆ ಆರ್ಡರ್ ಅನ್ನು ನೇರವಾಗಿ ಬಿಲ್‌ಗೇ ಎಳೆದುಕೊಳ್ಳುತ್ತವೆ. ನಿಮ್ಮ ಬಿಲ್ಲಿಂಗ್ ಮಾಡಿಕೊಟ್ಟವರನ್ನು ಒಮ್ಮೆ ಕೇಳಿ. ಮಧ್ಯಾಹ್ನದ ಊಟದ ಗಲಾಟೆಯಲ್ಲಿ ಎರಡು ಪರದೆ ನೋಡುವುದು ತಪ್ಪಿದರೆ ಅಷ್ಟೇ ದೊಡ್ಡ ಉಪಕಾರ.

ವಾಟ್ಸಾಪ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ವಾಟ್ಸಾಪ್ ವೆಬ್ 2015ರ ಜನವರಿಯಲ್ಲಿ ಬಂತು. ಆಗ ಫೋನ್ ಆನ್ ಇದ್ದು ನೆಟ್ ಇದ್ದರೆ ಮಾತ್ರ ಕಂಪ್ಯೂಟರ್‌ನಲ್ಲಿ ನಡೆಯುತ್ತಿತ್ತು. ಈಗ ಹಾಗಿಲ್ಲ. ಒಂದು ಫೋನಿಗೆ ನಾಲ್ಕು ಸಾಧನಗಳವರೆಗೆ ಜೋಡಿಸಬಹುದು. ಫೋನ್ ಆಫ್ ಆಗಿದ್ದರೂ ಕಂಪ್ಯೂಟರ್‌ನಲ್ಲಿ ಮೆಸೇಜ್ ಬರುತ್ತದೆ, ಹೋಗುತ್ತದೆ. ಫೋನಿನಲ್ಲಿ 14 ದಿನ ವಾಟ್ಸಾಪ್ ತೆರೆಯದೇ ಇದ್ದರೆ ಮಾತ್ರ ಕಂಪ್ಯೂಟರ್‌ನಿಂದ ತಾನಾಗಿ ಹೊರಬರುತ್ತದೆ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಫೋನ್ ಕಳೆದುಕೊಂಡವರಿಗೆ ಇದು ಎಷ್ಟು ಆಧಾರ ನೋಡಿ. ಮನೆಯ ಕಂಪ್ಯೂಟರ್‌ನಿಂದಲೇ ನಾಲ್ಕು ಜನಕ್ಕೆ ಸುದ್ದಿ ಮುಟ್ಟಿಸಬಹುದು. ಕಳೆದ ಫೋನನ್ನು ಬ್ಲಾಕ್ ಮಾಡಿಸಲು ಸರ್ಕಾರದ ಸಂಚಾರ್ ಸಾಥಿ ಕೂಡ ವೆಬ್‌ಸೈಟ್ ಆಗಿಯೇ ಇದೆ. ಆಮೇಲೆ ಹೊಸ ಸಿಮ್ ತೆಗೆದುಕೊಂಡು ಬೇರೆ ಫೋನಿನಲ್ಲಿ ವಾಟ್ಸಾಪ್ ಶುರು ಮಾಡಿದಾಗ ಹಳೆಯ ಜೋಡಣೆಗಳು ಕಳಚುತ್ತವೆ, ಕಂಪ್ಯೂಟರನ್ನು ಮತ್ತೆ ಜೋಡಿಸಿಕೊಳ್ಳಬೇಕು.

ಇನ್ನೊಂದು ಸಣ್ಣ ಅನುಕೂಲ ಇದೆ. ಕ್ರೋಮ್ ಅಥವಾ ಎಡ್ಜ್ ಬ್ರೌಸರ್‌ನಲ್ಲಿ ಯಾವುದೇ ಸೈಟ್ ತೆರೆದು ಮೆನುವಿಗೆ ಹೋದರೆ ಅದನ್ನು ಆ್ಯಪ್ ಆಗಿ ಇನ್‌ಸ್ಟಾಲ್ ಮಾಡುವ ಆಯ್ಕೆ ಸಿಗುತ್ತದೆ. ಆಮೇಲೆ ಅದು ಬೇರೆ ಕಿಟಕಿಯಲ್ಲಿ, ಬೇರೆ ಐಕಾನ್ ಆಗಿ ತೆರೆಯುತ್ತದೆ. ಹತ್ತಾರು ಟ್ಯಾಬ್‌ಗಳ ನಡುವೆ ಹುಡುಕುತ್ತಾ ಕೂರುವ ವಯಸ್ಸಾದ ತಂದೆ ತಾಯಿಗೆ ಇದನ್ನು ಮಾಡಿಕೊಡಿ. ಜೊತೆಗೆ ಕಂಟ್ರೋಲ್ ಒತ್ತಿ ಪ್ಲಸ್ ಒತ್ತಿದರೆ ಅಕ್ಷರ ದೊಡ್ಡದಾಗುತ್ತದೆ ಅಂತಲೂ ತೋರಿಸಿಕೊಡಿ.

ನಾಲ್ಕು ಜಿಬಿ ರ‍್ಯಾಮ್‌ನ ಹಳೆಯ ಕಂಪ್ಯೂಟರ್ ಇರುವವರಿಗಂತೂ ಬ್ರೌಸರ್ ಬಿಟ್ಟು ಬೇರೆ ದಾರಿಯನ್ನು ನಾನು ಸೂಚಿಸುವುದಿಲ್ಲ.

ಫೋನಿನ ಪರದೆಯನ್ನೇ ಕಂಪ್ಯೂಟರ್‌ಗೆ ತರುವುದು

ವೆಬ್‌ಸೈಟ್ ಇಲ್ಲದ ಆ್ಯಪ್‌ಗಳೂ ಇವೆ. ಹೌಸಿಂಗ್ ಸೊಸೈಟಿಯ ಗೇಟ್ ಆ್ಯಪ್, ಮಕ್ಕಳ ಶಾಲೆಯ ಆ್ಯಪ್, ಕಂಪನಿಯ ಹಾಜರಿ ಆ್ಯಪ್, ಇಂಥವು ಎಷ್ಟೋ ಸಲ ಫೋನಿನಲ್ಲಿ ಮಾತ್ರ ಸಿಗುತ್ತವೆ. ಇಲ್ಲಿ ಎರಡು ಒಳ್ಳೆಯ ಆಯ್ಕೆಗಳಿವೆ. ಒಂದು ವಿಂಡೋಸ್ ಜೊತೆಗೇ ಬರುವ ಫೋನ್ ಲಿಂಕ್. ಇನ್ನೊಂದು ಎಸ್‌ಸಿಆರ್‌ಸಿಪಿವೈ (scrcpy) ಅನ್ನುವ ಉಚಿತ ಪ್ರೋಗ್ರಾಂ. ಅದನ್ನು ಸ್ಕ್ರೀನ್ ಕಾಪಿ ಅಂತ ಓದುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಎರಡರಲ್ಲೂ ಆ್ಯಪ್ ಓಡುವುದು ಫೋನಿನಲ್ಲೇ. ಕಂಪ್ಯೂಟರ್‌ನಲ್ಲಿ ಅದರ ಚಿತ್ರ ಕಾಣುತ್ತದೆ, ಮೌಸ್ ಮತ್ತು ಕೀಬೋರ್ಡ್ ನಡೆಯುತ್ತದೆ. ಹಾಗಾಗಿ ಮತ್ತೆ ಲಾಗಿನ್ ಆಗುವ ಗೊಡವೆ ಇಲ್ಲ. ನಿಮ್ಮ ಪಾಸ್‌ವರ್ಡ್ ಹೊಸದೊಂದು ಜಾಗಕ್ಕೆ ಹೋಗುವುದೂ ಇಲ್ಲ.

ಫೋನ್ ಲಿಂಕ್ ಸುಲಭ. ಕಂಪ್ಯೂಟರ್‌ನಲ್ಲಿ ಅದನ್ನು ತೆರೆದು, ಫೋನಿನಲ್ಲಿ ಲಿಂಕ್ ಟು ವಿಂಡೋಸ್ ಹಾಕಿ, ಕ್ಯೂಆರ್ ಸ್ಕ್ಯಾನ್ ಮಾಡಿದರೆ ಮುಗಿಯಿತು. ಸ್ಯಾಮ್‌ಸಂಗ್‌ನ ಹಲವು ಫೋನ್‌ಗಳಲ್ಲಿ ಅದು ಮೊದಲೇ ಇರುತ್ತದೆ. ಎಸ್‌ಎಂಎಸ್, ನೋಟಿಫಿಕೇಶನ್, ಇತ್ತೀಚಿನ ಫೋಟೊಗಳು ಕಂಪ್ಯೂಟರ್‌ಗೆ ಬರುತ್ತವೆ. ಬ್ಲೂಟೂತ್ ಇದ್ದರೆ ಕರೆಯನ್ನೂ ಅಲ್ಲೇ ಎತ್ತಬಹುದು. ಆದರೆ ಒಂದು ದೊಡ್ಡ ಮಿತಿ ಇದೆ. ಆ್ಯಪ್ ತೆರೆಯುವ ಸೌಲಭ್ಯ ಎಲ್ಲ ಆಂಡ್ರಾಯ್ಡ್ ಫೋನಿಗೂ ಇಲ್ಲ. ಸ್ಯಾಮ್‌ಸಂಗ್, ಒಪ್ಪೊ, ವಿವೋ, ಆನರ್‌ನಂಥ ಕೆಲವು ಕಂಪನಿಗಳ ಆಯ್ದ ಮಾಡೆಲ್‌ಗಳಿಗೆ ಮಾತ್ರ. ಅದಕ್ಕೆ ಫೋನ್ ಮತ್ತು ಕಂಪ್ಯೂಟರ್ ಒಂದೇ ವೈ-ಫೈನಲ್ಲಿ ಇರಬೇಕು. ನಿಮ್ಮ ಫೋನ್ ಆ ಪಟ್ಟಿಯಲ್ಲಿದ್ದರೆ ಬೇರೇನೂ ಹುಡುಕಬೇಡಿ. ಇಲ್ಲದಿದ್ದರೆ ನೋಟಿಫಿಕೇಶನ್‌ಗೆ ಮಾತ್ರ ಅದನ್ನು ಇಟ್ಟುಕೊಳ್ಳಿ.

ಸ್ಕ್ರೀನ್ ಕಾಪಿಗೆ ಕಂಪನಿಯ ಹಂಗಿಲ್ಲ. ಆಂಡ್ರಾಯ್ಡ್ 5 ಮತ್ತು ನಂತರದ ಯಾವ ಫೋನಾದರೂ ನಡೆಯುತ್ತದೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಇದೆ. ಫೋನಿನಲ್ಲಿ ಯಾವ ಆ್ಯಪ್ ಅನ್ನೂ ಹಾಕಬೇಕಿಲ್ಲ. ಜೆನಿಮೊಬೈಲ್ ಅನ್ನುವ ಕಂಪನಿ 2018ರಲ್ಲಿ ಇದನ್ನು ಹೊರತಂದಿತು. ಇದರ ಕೋಡ್ ಎಲ್ಲರಿಗೂ ತೆರೆದಿದೆ, ಜಾಹೀರಾತು ಇಲ್ಲ, ದುಡ್ಡೂ ಇಲ್ಲ. ಆಂಡ್ರಾಯ್ಡ್ 11ರಿಂದ ಮೇಲಿನ ಫೋನಾದರೆ ಧ್ವನಿಯೂ ಕಂಪ್ಯೂಟರ್‌ನಲ್ಲೇ ಕೇಳುತ್ತದೆ. 2024ರಲ್ಲಿ ಬಂದ 3ನೇ ಆವೃತ್ತಿಯಲ್ಲಿ ಒಂದು ಆ್ಯಪ್ ಅನ್ನು ಬೇರೆಯೇ ಕಿಟಕಿಯಲ್ಲಿ ತೆರೆಯಬಹುದು. ಆಗ ಫೋನಿನ ಪರದೆ ಇನ್ನೊಂದು ಕೆಲಸಕ್ಕೆ ಖಾಲಿ. ಕೇಬಲ್‌ನಲ್ಲಿ ಜೋಡಿಸಿದರೆ ಬೆರಳು ಒತ್ತಿದ ಹಾಗೇ ತಕ್ಷಣ ನಡೆಯುತ್ತದೆ, ಫೋನ್ ಚಾರ್ಜೂ ಆಗುತ್ತಿರುತ್ತದೆ. ಎಲ್ಲ ಆಯ್ಕೆಗಳ ಪೈಕಿ ನನಗೆ ಬಹಳ ಇಷ್ಟವಾದದ್ದು ಇದೇ.

ಶುರು ಮಾಡುವಾಗ ಸ್ವಲ್ಪ ತಾಳ್ಮೆ ಬೇಕು. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಶನ್ಸ್ ತೆರೆದುಕೊಳ್ಳುತ್ತದೆ. ಅಲ್ಲಿ ಯುಎಸ್‌ಬಿ ಡೀಬಗ್ಗಿಂಗ್ (ಕೇಬಲ್ ಮೂಲಕ ಫೋನನ್ನು ನಡೆಸಲು ಕಂಪ್ಯೂಟರ್‌ಗೆ ಬಿಡುವ ಸ್ವಿಚ್) ಆನ್ ಮಾಡಬೇಕು. ಕೇಬಲ್ ಹಾಕಿದಾಗ ಈ ಕಂಪ್ಯೂಟರ್ ಅನ್ನು ನಂಬಬಹುದಾ ಅಂತ ಫೋನ್ ಕೇಳುತ್ತದೆ, ಒಪ್ಪಿಗೆ ಕೊಡಿ. ಶಿಯೋಮಿ (Xiaomi) ಫೋನ್‌ಗಳಲ್ಲಿ ಇನ್ನೊಂದು ಮೆಟ್ಟಿಲು ಇದೆ. ಡೀಬಗ್ಗಿಂಗ್‌ನ ಕೆಳಗೇ ಸೆಕ್ಯುರಿಟಿ ಸೆಟ್ಟಿಂಗ್ಸ್ ಅಂತ ಬೇರೆ ಒಂದು ಸ್ವಿಚ್ ಇರುತ್ತದೆ. ಅದನ್ನು ಹಾಕದಿದ್ದರೆ ಪರದೆ ಕಾಣುತ್ತದೆ, ಮೌಸ್ ಮಾತ್ರ ನಡೆಯುವುದಿಲ್ಲ. ಪರದೆ ಕಾಣದೇ ಇದ್ದರೆ ಕೇಬಲ್ ಬದಲಿಸಿ ನೋಡಿ. ಲೋಕಲ್ ಸ್ಟೇಶನ್‌ನ ಹೊರಗೆ ಸಿಗುವ ಅಗ್ಗದ ಕೇಬಲ್‌ಗಳಲ್ಲಿ ಕೆಲವು ಚಾರ್ಜ್‌ಗೆ ಮಾತ್ರ ಆಗುತ್ತವೆ, ಡೇಟಾ ಹೋಗುವುದಿಲ್ಲ.

ಎರಡು ಎಚ್ಚರ. ಈ ಪ್ರೋಗ್ರಾಂನ ಹೆಸರಿಟ್ಟುಕೊಂಡ ನಕಲಿ ಸೈಟ್‌ಗಳು ಇವೆ, ಪ್ರೋಗ್ರಾಂಗಳ ಕೋಡ್ ಇಡುವ ಗಿಟ್‌ಹಬ್ ಸೈಟ್‌ನಲ್ಲಿರುವ ಅದರ ಮೂಲ ಪುಟದಿಂದ ಮಾತ್ರ ಇಳಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಡೀಬಗ್ಗಿಂಗ್ ಆಫ್ ಮಾಡಿ. ಅದು ಆನ್ ಇದ್ದರೆ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ. ಬೇರೆಯವರ ಕಂಪ್ಯೂಟರ್‌ಗೆ ಸುಮ್ನೆ ಕೇಬಲ್ ಚುಚ್ಚಿದಾಗಲೂ ಅಪಾಯ.

ಕನ್ನಡ ಟೈಪಿಂಗ್ ವಿಷಯ

ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಇದರ ಬಗ್ಗೆ ಒಂದು ಸಾಲೂ ಸಿಗುವುದಿಲ್ಲ. ನಮಗೆ ಮಾತ್ರ ಇದೇ ಮುಖ್ಯ. ಫೋನಿನಲ್ಲಿ ಗೂಗಲ್‌ನ ಕೀಬೋರ್ಡ್ ಆದ ಜಿಬೋರ್ಡ್‌ನಿಂದ ಸರಾಗವಾಗಿ ಕನ್ನಡ ಬರೆಯುವವರು ಕಂಪ್ಯೂಟರ್ ಮುಂದೆ ಕೂತ ತಕ್ಷಣ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯತೊಡಗುತ್ತಾರೆ. ಹಾಗೆ ಮಾಡಬೇಕಾಗಿಲ್ಲ.

ಬ್ರೌಸರ್ ದಾರಿ ಹಿಡಿದವರಿಗೆ ಇದು ಬಹಳ ಸುಲಭ. ವಿಂಡೋಸ್ 10ರ 2019ರ ಮೇ ಅಪ್‌ಡೇಟ್‌ನಿಂದ ಕನ್ನಡ ಫೊನೆಟಿಕ್ ಕೀಬೋರ್ಡ್ ವಿಂಡೋಸ್‌ನಲ್ಲೇ ಇದೆ. ಸೆಟ್ಟಿಂಗ್ಸ್‌ನಲ್ಲಿ ಕನ್ನಡ ಭಾಷೆ ಸೇರಿಸಿ ಆ ಕೀಬೋರ್ಡ್ ಆರಿಸಿಕೊಂಡರೆ ಸಾಕು. ಉಚ್ಚಾರದ ಹಾಗೇ ಟೈಪ್ ಮಾಡಿದರೆ ಕನ್ನಡ ಬರುತ್ತದೆ. ಮರಾಠಿಗೂ ಇದೇ ರೀತಿಯ ಕೀಬೋರ್ಡ್ ಇದೆ. ಸೊಸೈಟಿಯ ನೋಟಿಸ್ ಮರಾಠಿಯಲ್ಲಿ, ಸಂಘದ ಆಮಂತ್ರಣ ಕನ್ನಡದಲ್ಲಿ ಬರೆಯುವ ಮುಂಬೈ ಕನ್ನಡಿಗರಿಗೆ ಎರಡನ್ನೂ ಸೇರಿಸಿಕೊಳ್ಳುವುದು ಒಳ್ಳೆಯದು. ವಿಂಡೋಸ್ ಕೀ ಜೊತೆ ಸ್ಪೇಸ್ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ.

ನುಡಿ ಅಥವಾ ಬರಹ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಅಭ್ಯಾಸವಾದವರು ಅದನ್ನೇ ಮುಂದುವರಿಸಬಹುದು, ಆದರೆ ಯೂನಿಕೋಡ್‌ನಲ್ಲಿ (ಯಾವ ಫೋನ್, ಕಂಪ್ಯೂಟರ್‌ನಲ್ಲೂ ಕನ್ನಡವಾಗಿಯೇ ಕಾಣುವ ರೂಪ) ಟೈಪ್ ಮಾಡಿ. ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ವಾಟ್ಸಾಪ್‌ಗೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಬರುತ್ತವೆ. ಎಷ್ಟೋ ಸಂಘಗಳ ಹಳೆಯ ವರದಿಗಳು, ಸದಸ್ಯರ ಪಟ್ಟಿಗಳು ಆ ರೂಪದಲ್ಲೇ ಉಳಿದಿವೆ. ಅವನ್ನು ಫಾಂಟ್ ಬದಲಿಸುವ ಪರಿವರ್ತಕದಲ್ಲಿ (ಕನ್ವರ್ಟರ್) ಹಾಕಿ ಯೂನಿಕೋಡ್‌ಗೆ ಬದಲಿಸಿಕೊಂಡು ಆಮೇಲೆ ಕಳಿಸಿ.

ಸ್ಕ್ರೀನ್ ಕಾಪಿಯಲ್ಲಿ ನೇರವಾಗಿ ಕನ್ನಡ ಟೈಪ್ ಮಾಡಲು ಹೋದರೆ ಅಕ್ಷರ ಮೂಡುವುದಿಲ್ಲ. ಅದು ಮೊದಲೇ ಇಟ್ಟಿರುವ ವಿಧಾನದಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಮಾತ್ರ ಸರಿಯಾಗಿ ದಾಟಿಸುತ್ತದೆ. ಇದಕ್ಕೆ ಉಪಾಯ ಇದೆ. ನೋಟ್‌ಪ್ಯಾಡ್‌ನಲ್ಲಿ ಕನ್ನಡದಲ್ಲಿ ಬರೆದು ಕಾಪಿ ಮಾಡಿ, ಫೋನಿನ ಕಿಟಕಿಯಲ್ಲಿ ಕಂಟ್ರೋಲ್ ವಿ ಒತ್ತಿ. ಕಂಪ್ಯೂಟರ್‌ನಲ್ಲಿ ಕಾಪಿ ಮಾಡಿದ್ದು ಫೋನಿಗೆ ಹೋಗುತ್ತದೆ. ಉದ್ದನೆಯ ಬರಹಕ್ಕೆ ಇದೇ ಹೆಚ್ಚು ಅನುಕೂಲ. ತಿದ್ದಲು ಜಾಗ ಸಿಗುತ್ತದೆ, ಅರ್ಧ ಬರೆದಾಗಲೇ ಕಳಿಸಿಬಿಡುವ ಭಯವೂ ಇಲ್ಲ.

ಎಮ್ಯುಲೇಟರ್ ಯಾರಿಗೆ ಬೇಕು?

ಆಟ ಆಡುವವರಿಗೆ, ಆ್ಯಪ್ ಮಾಡುವವರಿಗೆ ಬೇಕು. ಬೇರೆಯವರಿಗೆ ಅಪರೂಪಕ್ಕೆ ಬೇಕು.

ಎಮ್ಯುಲೇಟರ್ ಅಂದರೆ ಕಂಪ್ಯೂಟರ್ ಒಳಗೆ ಇನ್ನೊಂದು ಆಂಡ್ರಾಯ್ಡ್ ಫೋನ್ ಸಂಸಾರ ಹೂಡಿದ ಹಾಗೆ. ಅದಕ್ಕೂ ರ‍್ಯಾಮ್ ಕೊಡಬೇಕು, ಡಿಸ್ಕ್‌ನಲ್ಲಿ ಜಾಗ ಕೊಡಬೇಕು. ಮೇಲಾಗಿ, ಫೋನಿನ ಆ್ಯಪ್‌ಗಳನ್ನು ಆರ್ಮ್ ಚಿಪ್‌ಗೆ ಅಂತ ಮಾಡಿರುತ್ತಾರೆ. ನಮ್ಮ ಹೆಚ್ಚಿನ ಕಂಪ್ಯೂಟರ್‌ಗಳಲ್ಲಿ ಇರುವುದು ಇಂಟೆಲ್ ಅಥವಾ ಎಎಂಡಿ ಚಿಪ್. ಆರ್ಮ್‌ಗೆ ಮಾತ್ರ ಮಾಡಿದ ಆ್ಯಪ್ ಆದರೆ ಅದರ ಸೂಚನೆಗಳನ್ನು ಓಡುತ್ತಿರುವಾಗಲೇ ಬದಲಿಸಿ ಕೊಡಬೇಕು. ಅದಕ್ಕೇ ಲ್ಯಾಪ್‌ಟಾಪ್ ಬಿಸಿಯಾಗುತ್ತದೆ, ಫ್ಯಾನ್ ಜೋರಾಗುತ್ತದೆ, ಕೆಲವು ಆ್ಯಪ್‌ಗಳು ನಡುವೆಯೇ ನಿಲ್ಲುತ್ತವೆ.

ಬ್ಲೂಸ್ಟ್ಯಾಕ್ಸ್ 5 ಅನ್ನುವ ಎಮ್ಯುಲೇಟರ್‌ಗೆ ಕನಿಷ್ಠ 4 ಜಿಬಿ ರ‍್ಯಾಮ್ ಬೇಕು, 8 ಇದ್ದರೆ ಒಳ್ಳೆಯದು ಅಂತ ಅವರೇ ಹೇಳುತ್ತಾರೆ. 4ರಲ್ಲಿ ಬ್ರೌಸರ್ ಮತ್ತು ಎಮ್ಯುಲೇಟರ್ ಎರಡನ್ನೂ ತೆರೆದರೆ ಕಂಪ್ಯೂಟರ್ ಏದುಸಿರು ಬಿಡುತ್ತದೆ. ವರ್ಚುವಲೈಸೇಶನ್ (ಕಂಪ್ಯೂಟರ್ ಒಳಗೆ ಇನ್ನೊಂದು ಸಾಧನ ನಡೆಸಲು ಚಿಪ್ ಕೊಡುವ ಸೌಲಭ್ಯ) ಆನ್ ಇರಬೇಕು. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು ಮೇಲೆ ಒತ್ತಿದರೆ ಅದು ಆನ್ ಇದೆಯೋ ಇಲ್ಲವೋ ಕಾಣುತ್ತದೆ. ಇಲ್ಲದಿದ್ದರೆ ಬಯೋಸ್‌ಗೆ, ಅಂದರೆ ವಿಂಡೋಸ್ ಶುರುವಾಗುವ ಮೊದಲಿನ ಸೆಟ್ಟಿಂಗ್ಸ್‌ಗೆ, ಹೋಗಿ ಹಾಕಬೇಕು. ಅದು ಕಷ್ಟ ಅನ್ನಿಸಿದರೆ, ಗ್ರ್ಯಾಂಟ್ ರೋಡ್ ಸ್ಟೇಶನ್‌ನಿಂದ ನಡೆದು ಹೋಗುವಷ್ಟು ಹತ್ತಿರ ಇರುವ ಲ್ಯಾಮಿಂಗ್ಟನ್ ರೋಡ್‌ನಲ್ಲಿ ರ‍್ಯಾಮ್ ಅಥವಾ ಎಸ್‌ಎಸ್‌ಡಿ ಹಾಕಿಸುವಾಗ ಅಂಗಡಿಯವರಿಗೇ ಹೇಳಿ ಮಾಡಿಸಿಕೊಳ್ಳಿ.

ಆಟಕ್ಕೇ ಆದರೆ ಮೊದಲು ಗೂಗಲ್ ಪ್ಲೇ ಗೇಮ್ಸ್‌ನ ಕಂಪ್ಯೂಟರ್ ಆವೃತ್ತಿ ನೋಡಿ. ಅದು ಗೂಗಲ್‌ನದ್ದೇ. 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿಯಲ್ಲಿ 10 ಜಿಬಿ ಜಾಗ ಕೇಳುತ್ತದೆ. ಆಟ ಬಿಟ್ಟು ಬೇರೆ ಆ್ಯಪ್‌ಗೆ ಅದು ಆಗುವುದಿಲ್ಲ. ನಿಮಗೆ ಬೇಕಾದ ಆಟ ಅಲ್ಲಿ ಇಲ್ಲದಿದ್ದರೆ ಬ್ಲೂಸ್ಟ್ಯಾಕ್ಸ್ ಅಥವಾ ಎಲ್‌ಡಿಪ್ಲೇಯರ್. ಎಮ್ಯುಲೇಟರ್‌ನಲ್ಲಿ ಆಡುವವರನ್ನು ಕೆಲವು ಆಟಗಳು ಬೇರೆ ಗುಂಪಿಗೆ ಹಾಕುತ್ತವೆ, ಕೆಲವು ಖಾತೆಯನ್ನೇ ನಿಲ್ಲಿಸುತ್ತವೆ. ವರ್ಷಗಟ್ಟಲೆ ಆಡಿ ಬೆಳೆಸಿದ ಖಾತೆ ಆದರೆ ಆ ಆಟದ ನಿಯಮ ಓದದೇ ಮುಟ್ಟಬೇಡಿ.

ಉಚಿತ ಎಮ್ಯುಲೇಟರ್‌ಗಳ ಬಗ್ಗೆ ನನಗೆ ಅಳುಕು ಇರಲು ಕಾರಣ ಇದೆ. 2021ರ ಫೆಬ್ರವರಿಯಲ್ಲಿ ಇಸೆಟ್ ಅನ್ನುವ ಭದ್ರತಾ ಕಂಪನಿ, ನಾಕ್ಸ್‌ಪ್ಲೇಯರ್ ಅನ್ನುವ ಎಮ್ಯುಲೇಟರ್‌ನ ಅಪ್‌ಡೇಟ್ ದಾರಿಯೊಳಗೆ ದಾಳಿಕೋರರು ನುಗ್ಗಿ ಕೆಲವು ಆಯ್ದ ಬಳಕೆದಾರರಿಗೆ ಕುತಂತ್ರಾಂಶ ಕಳಿಸಿದ್ದನ್ನು ಬಯಲು ಮಾಡಿತು. ಬಳಕೆದಾರರು ಮಾಡಿದ್ದು ಬರೀ ಅಪ್‌ಡೇಟ್, ಅಷ್ಟೇ. ಹಾಗಾಗಿ ಎಮ್ಯುಲೇಟರ್ ಹಾಕಲೇಬೇಕಾದರೆ ನಿಮ್ಮ ಮುಖ್ಯ ಗೂಗಲ್ ಖಾತೆ ಕೊಡಬೇಡಿ. ಆಟಕ್ಕೆ ಅಂತ ಬೇರೆ ಖಾತೆ ಮಾಡಿಕೊಳ್ಳಿ.

ವಿಂಡೋಸ್ 11ರಲ್ಲೇ ಆಂಡ್ರಾಯ್ಡ್ ಆ್ಯಪ್ ಓಡಿಸುವ ಸೌಲಭ್ಯ ಇದೆ ಅಂತ ಹೇಳುವ ವಿಡಿಯೊಗಳು ಈಗಲೂ ಸಿಗುತ್ತವೆ. ಆ ಸೌಲಭ್ಯ ಇತ್ತು. ಮೈಕ್ರೋಸಾಫ್ಟ್ ಅದಕ್ಕೆ ಬೆಂಬಲವನ್ನು 2025ರ ಮಾರ್ಚ್ 5ಕ್ಕೆ ನಿಲ್ಲಿಸಿತು. ಈಗ ಅದನ್ನು ಹೇಗೋ ಹೊಂದಿಸಿ ಕೊಡುತ್ತೇವೆ ಅನ್ನುವ ಫೈಲ್‌ಗಳನ್ನು ಇಳಿಸಬೇಡಿ.

ಇವನ್ನು ಫೋನಿನಲ್ಲೇ ಬಿಡಿ

ಯುಪಿಐ ಆ್ಯಪ್ ಶುರು ಮಾಡುವಾಗ ನಿಮ್ಮ ಸಿಮ್‌ನಿಂದ ಒಂದು ಎಸ್‌ಎಂಎಸ್ ತಾನಾಗಿ ಹೋಗುತ್ತದೆ, ನೆನಪಿದೆ ಅಲ್ವಾ? ಆ ಸಿಮ್, ಆ ಫೋನ್, ಆ ಬ್ಯಾಂಕ್ ಖಾತೆ ಮೂರನ್ನೂ ಕಟ್ಟಿಹಾಕುವುದು ಹಾಗೆ. ಎಮ್ಯುಲೇಟರ್‌ನಲ್ಲಿ ಸಿಮ್ ಇಲ್ಲ, ಹಾಗಾಗಿ ಅಲ್ಲಿ ನಡೆಯುವುದಿಲ್ಲ. ಸ್ಕ್ರೀನ್ ಕಾಪಿಯಲ್ಲಿ ನೋಡಲು ಹೋದರೂ ಬ್ಯಾಂಕ್ ಆ್ಯಪ್‌ನ ಪರದೆ ಸಾಮಾನ್ಯವಾಗಿ ಕಪ್ಪಾಗಿ ಕಾಣುತ್ತದೆ. ಅದು ದೋಷ ಅಲ್ಲ, ನಿಮ್ಮ ಕಾವಲು. ಅದನ್ನು ದಾಟುವ ಉಪಾಯ ಹೇಳುವವರನ್ನು ದೂರ ಇಡಿ. ಕಂಪ್ಯೂಟರ್‌ನಲ್ಲೇ ಬ್ಯಾಂಕ್ ಕೆಲಸ ಆಗಬೇಕಾದರೆ ಬ್ಯಾಂಕಿನ ನೆಟ್ ಬ್ಯಾಂಕಿಂಗ್ ಇದೆ.

ಲೋಕಲ್ ಟಿಕೆಟ್‌ನ ಆ್ಯಪ್ ಕೂಡ ಹಾಗೇ. ಕಾಗದವಿಲ್ಲದ ಟಿಕೆಟ್ ತೆಗೆದರೆ ಟಿಸಿ ಬಂದಾಗ ಅದೇ ಫೋನಿನಲ್ಲಿ ತೋರಿಸಬೇಕು. ಕಂಪ್ಯೂಟರ್‌ನಲ್ಲಿ ಅದು ಓಡಿದರೂ ಪ್ರಯೋಜನ ಇಲ್ಲ. ದೂರದ ರೈಲಿಗಾದರೆ ಐಆರ್‌ಸಿಟಿಸಿ ವೆಬ್‌ಸೈಟ್ ಇದ್ದೇ ಇದೆ. ಗಣಪತಿ ಹಬ್ಬಕ್ಕೆ ಊರಿಗೆ ಹೋಗುವ ಟಿಕೆಟ್ ಹಿಡಿಯಲು ದೊಡ್ಡ ಪರದೆ, ನಿಜವಾದ ಕೀಬೋರ್ಡ್ ಎಷ್ಟೋ ಮೇಲು.

ಐಫೋನ್, ಮ್ಯಾಕ್, ಲಿನಕ್ಸ್ ಇದ್ದವರು

ಐಫೋನ್ ಮತ್ತು ಮ್ಯಾಕ್ ಎರಡೂ ಇದ್ದರೆ ನಿಮ್ಮ ದಾರಿ ಸಲೀಸು. 2024ರಲ್ಲಿ ಬಂದ ಐಒಎಸ್ 18 ಮತ್ತು ಮ್ಯಾಕ್‌ಒಎಸ್ ಸಿಕ್ವೋಯಾದಿಂದ ಐಫೋನ್ ಮಿರರಿಂಗ್ ಇದೆ. ಎರಡರಲ್ಲೂ ಒಂದೇ ಆ್ಯಪಲ್ ಖಾತೆ ಇರಬೇಕು. ಫೋನ್ ಲಾಕ್ ಆಗಿ ಪಕ್ಕದಲ್ಲಿ ಬಿದ್ದಿದ್ದರೂ ಮ್ಯಾಕ್‌ನಿಂದ ನಡೆಸಬಹುದು. 2020ರ ಕೊನೆಯಲ್ಲಿ ಬಂದ ಎಂ1 ಚಿಪ್‌ನ ಮ್ಯಾಕ್‌ಗಳಿಂದ ಮುಂದಕ್ಕೆ ಕೆಲವು ಐಫೋನ್ ಆ್ಯಪ್‌ಗಳನ್ನು ಮ್ಯಾಕ್‌ನಲ್ಲೇ ಹಾಕಬಹುದು, ಆದರೆ ಆ್ಯಪ್ ಮಾಡಿದವರು ಅದಕ್ಕೆ ಒಪ್ಪಿರಬೇಕು. ಐಫೋನ್ ಮತ್ತು ವಿಂಡೋಸ್ ಜೋಡಿಗೆ ಫೋನ್ ಲಿಂಕ್‌ನಲ್ಲಿ ಕರೆ, ಮೆಸೇಜ್, ನೋಟಿಫಿಕೇಶನ್ ಸಿಗುತ್ತದೆ, ಆ್ಯಪ್ ನಡೆಸಲು ಆಗುವುದಿಲ್ಲ. ಅಂಥವರು ಬ್ರೌಸರ್ ಹಿಡಿಯಿರಿ. ಲಿನಕ್ಸ್ ಬಳಸುವವರಿಗೆ ಆಂಡ್ರಾಯ್ಡ್ ಆ್ಯಪ್ ಓಡಿಸುವ ವೇಡ್ರಾಯ್ಡ್ ಇದೆ, ಪರದೆಗೆ ವೇಲ್ಯಾಂಡ್ ವ್ಯವಸ್ಥೆ ಬಳಸುವ ಲಿನಕ್ಸ್ ಇದ್ದರೆ ಅದು ಎಮ್ಯುಲೇಟರ್‌ಗಿಂತ ಹಗುರವಾಗಿ ಓಡುತ್ತದೆ.

ಒಂದೇ ಕಂಪ್ಯೂಟರ್, ಮನೆಯವರೆಲ್ಲ

ಮುಂಬೈಯ ಒಂದು ಕೋಣೆ, ಅಡುಗೆಮನೆಯ ಸಂಸಾರದಲ್ಲಿ ಕಂಪ್ಯೂಟರ್ ಒಬ್ಬರದಾಗಿ ಇರುವುದಿಲ್ಲ. ಮಗನ ಆಟ, ಮಗಳ ಪಾಠ, ಅಮ್ಮನ ವಾಟ್ಸಾಪ್, ಅಪ್ಪನ ಲೆಕ್ಕ ಎಲ್ಲ ಒಂದರಲ್ಲೇ. ಇಲ್ಲಿ ಪ್ರತಿಯೊಬ್ಬರಿಗೂ ವಿಂಡೋಸ್‌ನಲ್ಲಿ ಬೇರೆ ಬೇರೆ ಖಾತೆ ಮಾಡಿಕೊಡುವುದು ಬಹಳ ಮುಖ್ಯ. ಗೂಗಲ್ ಮೆಸೇಜಸ್‌ನ ವೆಬ್ ಪುಟ ಅಥವಾ ಫೋನ್ ಲಿಂಕ್ ಜೋಡಿಸಿದರೆ ಒಟಿಪಿ ಕೂಡ ಕಂಪ್ಯೂಟರ್‌ನಲ್ಲಿ ಕಾಣುತ್ತದೆ. ಎಲ್ಲರೂ ಕೂರುವ ಖಾತೆಯಲ್ಲಿ ಅದು ತೆರೆದಿರಬಾರದು.

ಹೋಟೆಲ್, ಅಂಗಡಿ, ಸಂಘದ ಕಚೇರಿಗಳಲ್ಲಿ ಇನ್ನೂ ಜಾಸ್ತಿ ಜೋಪಾನ ಬೇಕು. ಕೆಲಸದ ವಾಟ್ಸಾಪ್‌ಗೆ ಸಾಧ್ಯವಾದರೆ ಬೇರೆ ನಂಬರ್ ಇಟ್ಟುಕೊಳ್ಳಿ, ಕಚೇರಿ ಕಂಪ್ಯೂಟರ್‌ಗೆ ಅದನ್ನೇ ಜೋಡಿಸಿ. ಕೆಲಸದವರು ಬದಲಾದಾಗ, ಪದಾಧಿಕಾರಿಗಳು ಬದಲಾದಾಗ ಫೋನಿನ ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ತೆರೆದು ನೋಡಿ. ಯಾವ ಯಾವ ಕಂಪ್ಯೂಟರ್ ಜೋಡಿಸಿದೆ, ಕೊನೆಗೆ ಯಾವಾಗ ಬಳಸಿದ್ದಾರೆ ಎಲ್ಲ ಅಲ್ಲಿ ಇರುತ್ತದೆ. ಗುರುತು ಸಿಗದ ಹೆಸರಿದ್ದರೆ ಅದರ ಮೇಲೆ ಒತ್ತಿ ಲಾಗ್ ಔಟ್ ಮಾಡಿ. ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಯಲು ವಾಟ್ಸಾಪ್ ವೆಬ್ ತೆರೆದಿದ್ದರೆ, ಅಂಗಡಿಯ ಮೆಟ್ಟಿಲು ಇಳಿಯುವ ಮೊದಲೇ ಇದನ್ನು ಮಾಡಿ.